ಘಾನಾ ದೇಶದ ಸಂಸ್ಕೃತಿ ಮತ್ತು ನಮ್ಮ ಶಾಲೆಯ ಮಕ್ಕಳು: ಒಂದು ವಿಚಾರ

ಈ ಸಂಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಕೇಶಿರಾಜನ ಸೂತ್ರಗಳನ್ನೋ ರಗಳೆಯ ಲಕ್ಷಣವನ್ನೋ ಕುರಿತು ನಾನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಇಪ್ಪತ್ತೆಂಟು ವರ್ಷಗಳಿಂದ ಇದೇ ಶಾಲೆಯಲ್ಲಿ ಕನ್ನಡ ಪಂಡಿತನಾಗಿರುವವನಿಂದ ಬೇರೆ ಏನನ್ನು ತಾನೆ ನಿರೀಕ್ಷಿಸಿಯಾರು? ಆದರೆ ನಾನು ಈ ಸಲ ಬರೆಯಹೊರಟಿರುವುದು ಪಶ್ಚಿಮ ಆಫ್ರಿಕದ ಘಾನಾ ದೇಶವನ್ನು ಕುರಿತು. ಆ ದೇಶದ ಸಂಸ್ಕೃತಿಯನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳು ಕಲಿತ ಬಗೆಯನ್ನು ಕುರಿತು. ಇದು ಪಂಡಿತನ ಅಧಿಕಾರಕ್ಷೇತ್ರವಲ್ಲವೆಂದು ವಾಚಕ ಮಹಾಶಯರಿಗೆ ತೋರಬಹುದು. ಹಾಗೆ ತೋರುವುದು ಸಹಜ. ಆದರೂ ನನ್ನಿಂದಲೇ ಆದ ಒಂದು ತಪ್ಪಿನ ಪ್ರಾಯಶ್ಚಿತ್ತವಾಗಿ ಈ ಕೆಲಸ ನನ್ನ ಪಾಲಿಗೆ ಬಂದಿತೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಎರಡು ವರ್ಷಗಳ ಹಿಂದಿನ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ‘ವಸುಧೈವ ಕುಟುಂಬಕಂ’ ಎಂಬ ಶೀರ್ಷಿಕೆಯನ್ನು ಇಟ್ಟಿದ್ದೆವು. ಒಂದೊಂದು ತರಗತಿಗೆ ಒಂದೊಂದು ದೇಶ. ಐದನೆಯವರಿಗೆ ಜಪಾನು, ಆರನೆಯವರಿಗೆ ರಷ್ಯ, ಏಳನೆಯವರಿಗೆ ಇಂಗ್ಲೆಂಡು, ಎಂಟನೆಯವರಿಗೆ ‘ಆಫ್ರಿಕ’. ವಿಶ್ವಸಂಸ್ಥೆಯ ಸದಸ್ಯರಾಗಿರುವ 54 ದೇಶಗಳುಳ್ಳ ಒಂದು ಮಹಾಖಂಡವನ್ನು ಒಂದು ದೇಶವೆಂದು ಎಣಿಸಿದ್ದು ನಮ್ಮಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಮಕ್ಕಳು ಮುಖಕ್ಕೆ ಮಸಿ ಬಳಿದುಕೊಂಡರು. ಸೊಂಟಕ್ಕೆ ಮಾವಿನ ಸೊಪ್ಪು ಕಟ್ಟಿಕೊಂಡರು. ಕೋಲುಗಳನ್ನು ಭರ್ಜಿಯಂತೆ ಹಿಡಿದು, ಅರ್ಥವಿಲ್ಲದ ಶಬ್ದಗಳನ್ನು ಕೂಗುತ್ತ ಕುಣಿದರು. ಅದಕ್ಕೆ ಪೀಠಿಕೆಯ ಮಾತುಗಳನ್ನು ಬರೆದುಕೊಟ್ಟವನು ನಾನೇ. ‘ಕಗ್ಗತ್ತಲೆಯ ಖಂಡ’ ಎಂಬ ಪದಪುಂಜವನ್ನು ಆ ಬರಹದಲ್ಲಿ ಎರಡು ಸಲ ಬಳಸಿದ್ದೆ. ಪ್ರಾಸ ಚೆನ್ನಾಗಿ ಕೂಡಿತ್ತೆಂದು ಮನಸ್ಸಿನಲ್ಲಿ ಹಿಗ್ಗಿಯೂ ಇದ್ದೆ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಶಾಲೆಯ ದಾನಿಗಳಲ್ಲಿ ಒಬ್ಬನಾಗಿರುವವನು, ಬಂದು ಪಾದ ಮುಟ್ಟಿ ನಮಸ್ಕರಿಸಿದ. ಮೊದಲಿನಂತೆ ನಗಲಿಲ್ಲ. ಪಕ್ಕಕ್ಕೆ ಕರೆದು, “ಗುರುಗಳೇ, ತಪ್ಪು ತಿಳಿಯಬಾರದು. ಘಾನಾದ ಅಕ್ರಾ ನಗರದಲ್ಲಿ ನಾನು ಏಳು ವರ್ಷ ಕೆಲಸ ಮಾಡಿದೆ. ಮಲೇರಿಯ ಬಂದು ಮಲಗಿದಾಗ ನೆರೆಮನೆಯ ತಾಯಿ ದಿನವೂ ಮೆಕ್ಕೆಜೋಳದ ಗಂಜಿ ಕಾಯಿಸಿ ತಂದು ಕುಡಿಸಿದರು. ಆ ತಾಯಿಯ ಮಗ ಇವತ್ತು ನನ್ನ ಪಕ್ಕದಲ್ಲಿ ಕುಳಿತಿದ್ದರೆ, ಇದು ನಿಮ್ಮ ದೇಶವಂತೆ, ನೋಡಪ್ಪಾ ಎಂದು ನಾನು ಹೇಳಬೇಕಾಗಿತ್ತೆ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಇದು ರಂಗಸ್ಥಳದ ಒಂದು ವೇಷದ ಮಾತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ವೇಷ ರಂಗಸ್ಥಳದಲ್ಲಿ ಉಳಿಯುವುದಿಲ್ಲ. 2016ರಲ್ಲಿ ನಮ್ಮ ರಾಜಧಾನಿಯಾದ ಬೆಂಗಳೂರಿನಲ್ಲಿಯೇ ಟಾಂಜಾನಿಯ ದೇಶದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಕೈಮಾಡಿತು. ಅಪಘಾತವೊಂದನ್ನು ಮಾಡಿದವನು ಸುಡಾನ್ ದೇಶದವನು. ಪೆಟ್ಟು ತಿಂದವಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ ‘ಆಫ್ರಿಕ’ದವರು. ಐವತ್ತನಾಲ್ಕು ದೇಶಗಳನ್ನು ಒಂದು ಮಾಡಿದ ನಮ್ಮ ಕಾರ್ಯಕ್ರಮದ ಪಟ್ಟಿಗೂ ಆ ಗುಂಪಿನ ದೃಷ್ಟಿಗೂ ಬುಡದಲ್ಲಿ ಇರುವ ಅಜ್ಞಾನ ಒಂದೇ. ಇನ್ನು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆ ತಲೆತಲಾಂತರದಿಂದ ಬಾಳುತ್ತಿರುವ ಸಿದ್ದಿ ಜನಾಂಗದವರನ್ನು ನೆನೆಯೋಣ. ಅವರ ಪೂರ್ವಿಕರು ಬಂದದ್ದು ಘಾನಾದಿಂದಲ್ಲ, ಆ ಖಂಡದ ಪೂರ್ವಭಾಗದಿಂದ. ಆದರೆ ಇಂದು ಅವರು ಕನ್ನಡನಾಡಿನ ಮಕ್ಕಳು. ಮುಖಕ್ಕೆ ಬಳಿದ ಮಸಿಯನ್ನು ನೋಡಿ ನಾವು ನಕ್ಕ ನಗೆ ಅವರ ಮಕ್ಕಳಿಗೂ ತಾಗುತ್ತದೆಯಲ್ಲವೆ?

ಆದುದರಿಂದ ಮುಖ್ಯೋಪಾಧ್ಯಾಯರ ಅನುಮತಿಯನ್ನು ಪಡೆದು, ಮರುವರ್ಷದ ಜೂನ್ ತಿಂಗಳಿನಿಂದ ಎಂಟನೆಯ ತರಗತಿಗೆ ಶನಿವಾರದ ಒಂದು ಅವಧಿಯನ್ನು ಇದಕ್ಕಾಗಿಯೇ ಮೀಸಲಿಟ್ಟೆ. ಖಂಡವನ್ನು ಬಿಟ್ಟು ಒಂದೇ ದೇಶವನ್ನು ಆರಿಸಿಕೊಂಡೆ. ‘ಏಷ್ಯದ ಸಂಸ್ಕೃತಿ’ ಎಂದು ಯಾರಾದರೂ ಕನ್ನಡ, ಚೀನೀ, ಅರಬ್ಬೀಗಳನ್ನು ಕಲಸಿ ಒಂದು ಪಾಠ ಮಾಡಿದರೆ ನಾವು ಒಪ್ಪುವೆವೆ? ಘಾನಾ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ವಿಸ್ತೀರ್ಣ ಸುಮಾರು 2,38,500 ಚದರ ಕಿಲೋಮೀಟರು. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 3 ಕೋಟಿ 8 ಲಕ್ಷ. ಬ್ರಿಟಿಷರ ಆಳ್ವಿಕೆಯಲ್ಲಿ ‘ಗೋಲ್ಡ್ ಕೋಸ್ಟ್’, ಅಂದರೆ ಚಿನ್ನದ ಕರಾವಳಿ, ಎನಿಸಿಕೊಂಡಿದ್ದ ಆ ನಾಡು 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು. ಮಕ್ಕಳು ತಿನ್ನುವ ಚಾಕೊಲೇಟಿಗೆ ಬೇಕಾದ ಕೋಕೋ ಬೆಳೆಯುವ ಪ್ರಮುಖ ದೇಶಗಳಲ್ಲಿ ಅದೂ ಒಂದು. ಇಷ್ಟು ಭೂಗೋಳದ ಪಾಠ. ಇನ್ನು ಸಂಸ್ಕೃತಿಯನ್ನು ಎಲ್ಲಿಂದ ಆರಂಭಿಸುವುದು? ಉಡುಪಿನಿಂದಲೂ ಕುಣಿತದಿಂದಲೂ ಆರಂಭಿಸಿ ಕೆಟ್ಟಿದ್ದೆವು. ನನಗೆ ತಿಳಿದ ವಿದ್ಯೆ ಮಾತಿನ ವಿದ್ಯೆ. ಮಾತಿನಿಂದಲೇ ಆರಂಭಿಸಿದೆ.

ಮೊದಲ ಪಾಠ ಹೆಸರುಗಳದು. ಘಾನಾದ ದಕ್ಷಿಣಾರ್ಧದಲ್ಲಿ ಹೆಚ್ಚಾಗಿರುವ ಅಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದಿಂದ ಒಂದು ಹೆಸರು ತಾನಾಗಿ ಬರುತ್ತದೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ, ಹೆಣ್ಣುಮಗು ಅಫುವಾ. ಶನಿವಾರವಾದರೆ ಕ್ವಾಮೆ, ಅಮಾ. ಗುರುವಾರವಾದರೆ ಯಾವ್, ಯಾ. ಆ ದೇಶವನ್ನು ಸ್ವಾತಂತ್ರ್ಯಕ್ಕೆ ನಡೆಸಿದ ಕ್ವಾಮೆ ಎನ್‌ಕ್ರುಮಾ ಶನಿವಾರದವರು; 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳಾಗಿದ್ದ ಕೋಫಿ ಅನ್ನಾನ್ ಶುಕ್ರವಾರದವರು. ಮಕ್ಕಳು ಮನೆಗೆ ಹೋಗಿ ತಾವು ಹುಟ್ಟಿದ ವಾರವನ್ನು ಕೇಳಿಕೊಂಡು ಬಂದರು. ಪ್ರಸಾದನಿಲಯದ ಹುಡುಗನೊಬ್ಬನ ತಾಯಿಗೆ ತಿಥಿವಾರಗಳ ನೆನಪಿರಲಿಲ್ಲ. “ನೀನು ಹುಟ್ಟಿದ ದಿನ ಊರಲ್ಲಿ ಸಂತೆ ಇತ್ತು” ಎಂದರಂತೆ. ಆ ಊರಿನ ಸಂತೆ ಗುರುವಾರ. ಅವನು ಯಾವ್ ಆದ. ಹಾಜರಿ ಕರೆಯುವಾಗ ಆ ಹೆಸರಿನಿಂದ ಕರೆದರೆ ಆತ ಎದ್ದುನಿಲ್ಲುವ ಠೀವಿಯನ್ನು ನೋಡಬೇಕಾಗಿತ್ತು. ದೂರದ ಜನರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತ ಮಗು ಅವರನ್ನು ಹಾಸ್ಯಮಾಡುವುದು ಕಷ್ಟ. ಗೌರವದ ಮೊದಲ ಅಕ್ಷರ ಅಲ್ಲಿದೆ.

ಎರಡನೆಯದು ಗಾದೆಗಳ ಪಾಠ. “ಅವರಲ್ಲಿಯೂ ಗಾದೆಗಳಿವೆಯೇ, ಗುರುಗಳೇ?” ಎಂದು ಒಬ್ಬ ಕೇಳಿದ. ಅಕಾನ್ ಜನರಲ್ಲಿ ಗಾದೆಯಿಲ್ಲದೆ ಹಿರಿಯರು ಪಂಚಾಯತಿಯಲ್ಲಿ ಬಾಯಿ ತೆರೆಯುವುದೇ ಅಪರೂಪ. ಒಂದೇ ತಲೆಯಿಂದ ಸಮಾಲೋಚನೆ ನಡೆಯದು ಎಂಬುದು ಅವರ ಒಂದು ಗಾದೆ. ಬಾಲವಿಲ್ಲದ ಪಶುವಿನ ಮೈಮೇಲಿನ ನೊಣವನ್ನು ದೇವರೇ ಓಡಿಸುತ್ತಾನೆ ಎಂಬುದು ಇನ್ನೊಂದು. ಇದನ್ನು ಹೇಳುತ್ತಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ದಿಕ್ಕಿಲ್ಲದವರಿಗೆ ದೇವರೇ ದಿಕ್ಕು” ಎಂದಳು. ಮಗುವಿಗೆ ದೇವರನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ ಎಂಬ ಮೂರನೆಯ ಗಾದೆಗೆ ಮಾತ್ರ ಸಾಟಿ ಸಿಗದೆ ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಾದೆ.

ಬರಹವಿಲ್ಲದ ಜನಕ್ಕೆ ವಿದ್ಯೆಯಿಲ್ಲ ಎಂಬುದು ಪುಸ್ತಕಗಳ ನಡುವೆ ಬೆಳೆದ ನನ್ನಂಥವರ ಹಳೆಯ ಭ್ರಮೆ. ಅಕಾನರ ಟ್ವಿ ಮಾತಿನಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ನಿರ್ಣಯಿಸುತ್ತದೆ. ‘ಪಪಾ’ ಎಂಬ ಎರಡಕ್ಷರಗಳನ್ನು ಒಂದು ಸ್ವರದಲ್ಲಿ ಹೇಳಿದರೆ ಒಳ್ಳೆಯದು, ಇನ್ನೊಂದರಲ್ಲಿ ತಂದೆ, ಮತ್ತೊಂದರಲ್ಲಿ ಬೀಸಣಿಗೆ. ಉದಾತ್ತ ಅನುದಾತ್ತಗಳನ್ನು ಬಲ್ಲವರಿಗೆ ಇದರ ಸೂಕ್ಷ್ಮ ಬೇಗ ತಿಳಿದೀತು. ಅಟುಂಪಾನ್ ಎಂಬ ಜೋಡಿ ಮದ್ದಳೆಗಳಲ್ಲಿ ಒಂದು ಉಚ್ಚ, ಒಂದು ನೀಚ. ಮಾತಿನ ಏರಿಳಿತವನ್ನೇ ಅವುಗಳ ಮೇಲೆ ನುಡಿಸಿ ಅರಸರ ವಂಶಾವಳಿಯನ್ನೂ ಸ್ತುತಿಯನ್ನೂ ಗಾದೆಯನ್ನೂ ಹೇಳುವ ವಾದಕರಿದ್ದಾರೆ. ನಾವು ಸ್ನೇಹಸಮ್ಮೇಳನದಲ್ಲಿ ಡಬಡಬ ಬಾರಿಸಿದ ಆ ವಾದ್ಯ, ಅಲ್ಲಿ ಒಂದು ಇತಿಹಾಸಗ್ರಂಥ! ಅದನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ ಬರೆದ ವಿದ್ವಾಂಸರು ಅದೇ ನಾಡಿನ ಕ್ವಬೇನಾ ಎನ್‌ಕೆಟಿಯಾ (1921–2019). ನಮ್ಮ ಮಲೆಮಾದೇಶ್ವರನ ಕಾವ್ಯವನ್ನು ಕಂಠದಲ್ಲಿ ಕಾಪಾಡಿದ ಕಂಸಾಳೆಯವರನ್ನು ಪಂಡಿತರು ಎಷ್ಟು ಕಾಲ ಕವಿಗಳೆಂದು ಒಪ್ಪಿರಲಿಲ್ಲವೆಂಬುದು ಆ ದಿನ ನನಗೆ ನೆನಪಾಯಿತು.

ಮೂರನೆಯದು ಚಿಹ್ನೆಗಳ ಪಾಠ. ಸೋರೆಬುರುಡೆಯ ಚೂರನ್ನು ಅಚ್ಚಾಗಿ ಕೊರೆದು, ಮರದ ತೊಗಟೆಯ ಬಣ್ಣದಲ್ಲಿ ಅದ್ದಿ ಬಟ್ಟೆಯ ಮೇಲೆ ಒತ್ತುವ ‘ಅದಿಂಕ್ರಾ’ ಎಂಬ ಕಲೆ ಅವರಲ್ಲಿದೆ. ಒಂದೊಂದು ಅಚ್ಚಿಗೂ ಒಂದೊಂದು ಅರ್ಥ. ಅವುಗಳಲ್ಲಿ ‘ಸಾಂಕೋಫಾ’ ಎಂಬುದು ಕತ್ತನ್ನು ಹಿಂದಕ್ಕೆ ಹೊರಳಿಸಿದ ಹಕ್ಕಿ. ಸಾನ್ ಎಂದರೆ ಮರಳು, ಕೋ ಎಂದರೆ ಹೋಗು, ಫಾ ಎಂದರೆ ತೆಗೆದುಕೋ. ಮರೆತು ಬಂದದ್ದನ್ನು ಹಿಂದಿರುಗಿ ಹೋಗಿ ತರುವುದರಲ್ಲಿ ದೋಷವಿಲ್ಲ ಎಂಬುದು ಅದರ ತಾತ್ಪರ್ಯ. ನಮ್ಮಲ್ಲಿ ಸಿಂಹಾವಲೋಕನ ಎನ್ನುತ್ತೇವೆ; ಆದರೆ ಸಿಂಹ ಹಿಂದಿರುಗಿ ನೋಡುತ್ತದೆ ಅಷ್ಟೆ, ಆ ಹಕ್ಕಿ ಹೋಗಿ ತರಲು ಹೇಳುತ್ತದೆ. ಮಕ್ಕಳು ಆಲೂಗೆಡ್ಡೆಯನ್ನು ಕೊರೆದು ಆ ಅಚ್ಚನ್ನು ಮಾಡಿದರು. ಅರ್ಥವನ್ನು ಬಲ್ಲ ಮೇಲೆ ಮಾಡಿದ್ದರಿಂದ ಅದು ಆಟವಾಗದೆ ಅಭ್ಯಾಸವಾಯಿತು.

ಭೇದಗಳನ್ನೂ ಮರೆಮಾಡಲಿಲ್ಲ. ಅಕಾನರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ; ಸಂಪ್ರದಾಯದಂತೆ ಸೋದರಮಾವನ ಆಸ್ತಿ ಸೋದರಳಿಯನಿಗೆ ಸಲ್ಲುತ್ತಿತ್ತು. ಇದೆಂಥ ಪದ್ಧತಿಯೆಂದು ಮಕ್ಕಳು ಮೂಗಿನ ಮೇಲೆ ಬೆರಳಿಟ್ಟಾಗ, ನಮ್ಮ ತುಳುನಾಡಿನ ಅಳಿಯಕಟ್ಟನ್ನು ವಿವರಿಸಬೇಕಾಯಿತು. ವಿಚಿತ್ರವೆಂದು ಕಂಡದ್ದು ನಮ್ಮ ರಾಜ್ಯದೊಳಗೇ ಇತ್ತು!

ದುಃಖದ ಪಾಠವನ್ನೂ ಬಿಡಲಿಲ್ಲ. 1482ರಲ್ಲಿ ಪೋರ್ಚುಗೀಸರು ಎಲ್ಮಿನಾದಲ್ಲಿ ಕಟ್ಟಿದ ಕೋಟೆ ಮೊದಲು ಚಿನ್ನದ ವ್ಯಾಪಾರಕ್ಕಿತ್ತು; ಮುಂದೆ ಮನುಷ್ಯರ ವ್ಯಾಪಾರಕ್ಕಾಯಿತು. ಅಲ್ಲಿಯೂ ಕೇಪ್ ಕೋಸ್ಟ್ ಕೋಟೆಯಲ್ಲಿಯೂ ನೆಲಮಾಳಿಗೆಗಳಲ್ಲಿ ಕೂಡಿಹಾಕಿ, ಕಿರುಬಾಗಿಲಿನಿಂದ ಹಡಗಿಗೆ ಏರಿಸಿದವರಲ್ಲಿ ಊರಿಗೆ ಮರಳಿದವರು ಇಲ್ಲವೆಂಬಷ್ಟು ವಿರಳ. ಅವರನ್ನು ಹಿಡಿದು ಮಾರಿದವರಲ್ಲಿ ಆ ನಾಡಿನ ಪ್ರಭುಗಳೂ ವ್ಯಾಪಾರಿಗಳೂ ಇದ್ದರೆಂಬುದನ್ನೂ ಹೇಳಿದೆ. 1900ರಲ್ಲಿ ಬ್ರಿಟಿಷ್ ಗವರ್ನರನು ಅಸಾಂಟೆ ರಾಜ್ಯದ ಆತ್ಮವೆನಿಸಿದ ಚಿನ್ನದ ಪೀಠವನ್ನು ತಾನು ಕುಳಿತುಕೊಳ್ಳಲು ತರಿಸಬೇಕೆಂದು ಕೇಳಿದಾಗ, ಯಾ ಅಸಾಂಟೆವಾ ಎಂಬ ರಾಜಮಾತೆ ಯುದ್ಧಕ್ಕೆ ನಿಂತರು. ಸೋತು ಸೆರೆಯಾಗಿ ಸೇಶೆಲ್ಸ್ ದ್ವೀಪದಲ್ಲಿ 1921ರಲ್ಲಿ ತೀರಿಕೊಂಡರು. ಕಿತ್ತೂರಿನ ಕಥೆಯನ್ನು ಬಲ್ಲ ಮಕ್ಕಳಿಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ. “ಯಾ ಎಂದರೆ ಗುರುವಾರದವರು” ಎಂದು ಹಲವರು ಒಟ್ಟಿಗೆ ನುಡಿದರು.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳದೆ ವಿಧಿಯಿಲ್ಲ. ಗಾಂಧೀಜಿಯವರ ಅಹಿಂಸಾಮಾರ್ಗದಿಂದ ಪ್ರೇರಣೆ ಪಡೆದು 1950ರಲ್ಲಿ ಎನ್‌ಕ್ರುಮಾ ತಮ್ಮ ಚಳವಳಿಯನ್ನು ನಡೆಸಿದರು. ಆದರೆ 2016ರಲ್ಲಿ ಘಾನಾ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ ಗಾಂಧೀಜಿಯವರ ಪ್ರತಿಮೆಯನ್ನು ಅಲ್ಲಿನ ಅಧ್ಯಾಪಕರ ಆಕ್ಷೇಪಣೆಯ ಫಲವಾಗಿ 2018ರ ಡಿಸೆಂಬರಿನಲ್ಲಿ ತೆಗೆಯಲಾಯಿತು. ದಕ್ಷಿಣ ಆಫ್ರಿಕದಲ್ಲಿದ್ದ ತಾರುಣ್ಯದ ದಿನಗಳಲ್ಲಿ ಕರಿಯ ಜನರನ್ನು ಕುರಿತು ಅವರು ಬರೆದಿದ್ದ ಹೀನಾಯದ ಮಾತುಗಳೇ ಆಕ್ಷೇಪಣೆಗೆ ಕಾರಣ. ಇದನ್ನು ಮಕ್ಕಳಿಗೆ ಹೇಳಬೇಕೆ ಎಂದು ಸಹೋದ್ಯೋಗಿಗಳು ಕೇಳಿದರು. ಹೇಳಿದೆ. ಮಹಾತ್ಮರೂ ಬೆಳೆಯುತ್ತ ಬೆಳೆಯುತ್ತ ಮಹಾತ್ಮರಾದರೆಂದು ತಿಳಿಯುವುದರಿಂದ ಮಕ್ಕಳ ಭಕ್ತಿ ಕುಂದುವುದಿಲ್ಲ. ಆದರೆ ನನ್ನನ್ನು ಕಾಡಿದ ಸಂಗತಿ ಬೇರೆ. ಅವರು ನಮ್ಮವರ ಬರಹಗಳನ್ನು ಇಷ್ಟು ಶ್ರದ್ಧೆಯಿಂದ, ಮೊದಲ ಸಂಪುಟದಿಂದ, ಓದಿದ್ದಾರೆ. ನಾವು ಅವರದು ಒಂದು ಪುಟವನ್ನಾದರೂ ಓದಿದ್ದೆವೆ?

ಈ ಪಾಠಕ್ಕೆ ಬಂದ ಆಕ್ಷೇಪಗಳು ಎರಡು. ನಮ್ಮ ಸಂಸ್ಕೃತಿಯೇ ತಿಳಿಯದ ಮಕ್ಕಳಿಗೆ ಪರರ ಸಂಸ್ಕೃತಿ ಏಕೆ ಎಂಬುದು ಮೊದಲನೆಯದು. ಅನುಭವ ಇದಕ್ಕೆ ವಿರುದ್ಧವಾಗಿದೆ. ಅಕಾನರ ಗಾದೆಗಳಿಗೆ ಸಾಟಿ ಹುಡುಕುವುದಕ್ಕಾಗಿ ಮಕ್ಕಳು ಅಜ್ಜಿಯರ ಬಳಿ ಕುಳಿತು, ಎರಡು ನೋಟುಪುಸ್ತಕಗಳು ತುಂಬುವಷ್ಟು ಕನ್ನಡ ಗಾದೆಗಳನ್ನು ಬರೆದು ತಂದರು. ನಾನು ವರ್ಷಗಟ್ಟಲೆ ಹೇಳಿದರೂ ಅವರು ಮಾಡದ ಕೆಲಸವಿದು. ಎರಡನೆಯದು ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲವೆಂಬುದು. ನಿಜ, ಅಂಕವಿಲ್ಲ. ಶ್ರೀಮಠದ ಹಿರಿಯರು ಈ ಶಾಲೆಯನ್ನು ತೆರೆದದ್ದು ಅಂಕಕ್ಕಾಗಿ ಮಾತ್ರವೇ ಎಂದು ಆಕ್ಷೇಪಿಸಿದವರೇ ವಿಚಾರಿಸಿ ನೋಡಲಿ.

ವರ್ಷದ ಕೊನೆಗೆ, ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದ ಘಾನಾದ ತರುಣರೊಬ್ಬರನ್ನು ಅತಿಥಿಗಳಾಗಿ ಆಹ್ವಾನಿಸಿದೆವು. ಮಕ್ಕಳು ಉತ್ಸಾಹದಿಂದ, “ತಾವು ಯಾವ ವಾರ ಹುಟ್ಟಿದಿರಿ? ತಮ್ಮ ಹೆಸರು ಕೋಫಿಯೋ ಕ್ವಾಮೆಯೋ?” ಎಂದು ಕೇಳಿದರು. ಅವರು ನಕ್ಕು, “ನಾನು ಉತ್ತರದ ತಮಾಲೆಯವನು. ನಮ್ಮ ಮನೆಮಾತು ದಗ್ಬಾನಿ. ನೀವು ಕಲಿತ ಹೆಸರುಗಳು ಅಕಾನ್ ಜನರವು, ನಮ್ಮ ಮನೆಯವಲ್ಲ” ಎಂದರು. ನನ್ನ ಮುಖ ಸಣ್ಣದಾಯಿತು. ಐವತ್ತನಾಲ್ಕು ದೇಶಗಳನ್ನು ಒಂದು ಮಾಡಬಾರದೆಂದು ಹೊರಟವನು, ಒಂದು ದೇಶದ ಹಲವು ಜನಗಳನ್ನು ಒಂದು ಮಾಡಿ ಕುಳಿತಿದ್ದೆ. ಆದರೆ ಮಕ್ಕಳು ಬೇಸರಿಸಲಿಲ್ಲ, “ಹಾಗಾದರೆ ನಿಮ್ಮ ಕಡೆ ಹೇಗೆ ಹೆಸರಿಡುತ್ತಾರೆ?” ಎಂದು ಹೊಸದಾಗಿ ಕೇಳತೊಡಗಿದರು. ಎರಡು ವರ್ಷಗಳ ಹಿಂದೆ ಭರ್ಜಿ ಹಿಡಿದು ಕೂಗಿದ ಮಕ್ಕಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕಲಿಕೆಯ ಲಕ್ಷಣ ಆ ಪ್ರಶ್ನೆಯೇ ಎಂದು ನನ್ನ ನಂಬಿಕೆ.

ಆದಕಾರಣ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ ಹೀಗಿದೆ. ವೇಷಭೂಷಣಗಳಿಗೆ ಕೊಡುವ ಹಣದಲ್ಲಿ ಒಂದಂಶವನ್ನು ಗ್ರಂಥಾಲಯದಲ್ಲಿ ಪರದೇಶಗಳ ಕಥೆ, ಗಾದೆ, ಚರಿತ್ರೆಗಳ ಒಂದು ಕಪಾಟಿಗೆ ಕೊಡಿರಿ. ಹೊರದೇಶಗಳಲ್ಲಿ ದುಡಿದು ಬಂದವರು ವರ್ಷಕ್ಕೊಂದು ದಿನ ತರಗತಿಗೆ ಬಂದು ತಾವು ಉಂಡ ಅನ್ನದ ಮಾತನ್ನು ಹೇಳಿರಿ. ನಮ್ಮ ರಾಜ್ಯದಲ್ಲಿ ಓದಲು ಬಂದ ಪರದೇಶದ ವಿದ್ಯಾರ್ಥಿಗಳನ್ನು ಕುಣಿಸಲು ಕರೆಯದೆ, ಮಾತನಾಡಿಸಲು ಕರೆಯೋಣ. ಸಹೋದ್ಯೋಗಿಗಳಲ್ಲಿ ಒಂದೇ ಪ್ರಾರ್ಥನೆ: ಯಾವ ಜನರನ್ನೇ ಆಗಲಿ, ಅವರ ಒಂದು ಮಾತನ್ನಾದರೂ ಕಲಿಯದೆ ಅವರ ವೇಷವನ್ನು ಮಕ್ಕಳಿಗೆ ಹಾಕಿಸಬೇಡಿರಿ.

ಅಕಾನರಲ್ಲಿ ಅನಾನ್ಸೆ ಎಂಬ ಜೇಡನ ಕಥೆಗಳು ಪ್ರಸಿದ್ಧ. ಲೋಕದ ಬುದ್ಧಿಯನ್ನೆಲ್ಲ ತಾನೊಬ್ಬನೇ ಇಟ್ಟುಕೊಳ್ಳಬೇಕೆಂದು ಅವನು ಅದನ್ನು ಒಂದು ಮಡಕೆಯಲ್ಲಿ ತುಂಬಿ, ಎದೆಗೆ ಕಟ್ಟಿಕೊಂಡು, ಮರದ ತುದಿಯಲ್ಲಿ ಬಚ್ಚಿಡಲು ಹತ್ತತೊಡಗಿದ. ಮಡಕೆ ಅಡ್ಡಬಂದು ಹತ್ತಲಾಗಲಿಲ್ಲ. ಕೆಳಗೆ ನಿಂತಿದ್ದ ಮಗ, “ಅಪ್ಪಾ, ಬೆನ್ನಿಗೆ ಕಟ್ಟಿಕೊಳ್ಳಬಾರದೆ?” ಎಂದ. ಇನ್ನೂ ಬುದ್ಧಿ ಹೊರಗೆ ಉಳಿದಿದೆಯಲ್ಲಾ ಎಂದು ಅನಾನ್ಸೆ ಬೆರಗಾಗುವಷ್ಟರಲ್ಲಿ ಮಡಕೆ ಬಿದ್ದು ಒಡೆಯಿತು. ಎಲ್ಲರೂ ಓಡಿಬಂದು ಬುದ್ಧಿಯನ್ನು ಒಂದಿಷ್ಟು ಎತ್ತಿಕೊಂಡರು. ಈ ಕಥೆಯನ್ನು ನಾನೇ ಮಕ್ಕಳಿಗೆ ಹೇಳಿದ್ದೆ. ಅತಿಥಿಗಳನ್ನು ಬೀಳ್ಕೊಟ್ಟು ಬರುವಾಗ, ಹಿಂದಿನ ಸಾಲಿನ ಅದೇ ಹುಡುಗಿ ಮೆಲ್ಲನೆ, “ಗುರುಗಳೇ, ಇವತ್ತು ನಿಮ್ಮ ಮಡಕೆ ಒಡೆಯಿತು” ಎಂದಳು. ಸಿಟ್ಟು ಬರಲಿಲ್ಲ. ಮುಂದಿನ ಜೂನ್ ತಿಂಗಳಿನಿಂದ ದಗ್ಬಾನಿ ಮಾತನಾಡುವ ಜನರ ಪಾಠವನ್ನು ಆರಂಭಿಸಬೇಕೆಂದಿದ್ದೇನೆ. ಆ ತರುಣರು ಪತ್ರ ಬರೆದು ನೆರವಾಗುವುದಾಗಿ ಮಾತು ಕೊಟ್ಟಿದ್ದಾರೆ.